ಹರಟೆಯ ಗುಡಿಸಲುಗಳಲ್ಲಿ ಒಬ್ಬ ಹಳೆಯ ಮೇಷ್ಟ್ರು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿರುವ ಬಂಧುಗಳಿಗೆ ಈ ಪ್ರಸಂಗದ ಪೂರ್ವಾರ್ಧ ತಿಳಿದಿದೆ. ಉತ್ತರಾರ್ಧವನ್ನು ಹೇಳಬೇಕಾದದ್ದು ನನ್ನ ಕರ್ತವ್ಯವೆಂದು ತೋರಿದ್ದರಿಂದ ಇಂದು ಬರೆಯಲು ಕುಳಿತಿದ್ದೇನೆ. ನನ್ನ ವಿದ್ಯಾರ್ಥಿಗಳಾಗಿದ್ದವರಿಗೂ ಇದರಲ್ಲಿ ಒಂದು ಪಾಲಿದೆ. ಅದು ಕೊನೆಯಲ್ಲಿ ಬರುತ್ತದೆ.

ಕೆಲವು ತಿಂಗಳ ಹಿಂದೆ ನಾನು ಆ ಗುಂಪಿಗೆ ಒಂದು ಸಂದೇಶವನ್ನು ಕಳುಹಿಸಿದ್ದೆ. ಲಾರ್ಡ್ ಮೆಕಾಲೆಯು 1835ರ ಫೆಬ್ರುವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಮಾಡಿದನೆನ್ನಲಾದ ಭಾಷಣ ಅದು. ಭಾರತದ ಉದ್ದಗಲ ಸಂಚರಿಸಿದರೂ ಒಬ್ಬ ಭಿಕ್ಷುಕನನ್ನಾಗಲಿ ಕಳ್ಳನನ್ನಾಗಲಿ ಕಾಣಲಿಲ್ಲ, ಆದುದರಿಂದ ಈ ದೇಶದ ಬೆನ್ನೆಲುಬನ್ನು ಮುರಿಯಬೇಕಾದರೆ ಇದರ ಶಿಕ್ಷಣವನ್ನೇ ಬದಲಿಸಬೇಕು ಎಂಬ ಅರ್ಥದ ಮಾತುಗಳು. ಓದಿ ನನ್ನ ಕಣ್ಣು ತೇವವಾಗಿತ್ತು. 'ಪ್ರತಿಯೊಬ್ಬ ಶಿಕ್ಷಕನೂ ಓದಲೇಬೇಕಾದದ್ದು' ಎಂದು ಮೇಲೊಂದು ಸಾಲನ್ನೂ ಸೇರಿಸಿದ್ದೆ. ಕೆನಡಾದಲ್ಲಿ ಓದುತ್ತಿರುವ ನನ್ನ ಅಣ್ಣನ ಮೊಮ್ಮಗ ಒಂದೇ ಸಾಲಿನಲ್ಲಿ ಕೇಳಿದ: "ಚಿಕ್ಕಜ್ಜ, ಆ ದಿನ ಮೆಕಾಲೆ ಯಾವ ಊರಿನಲ್ಲಿದ್ದ?"

ನನಗೆ ಸಿಟ್ಟು ಬಂತು. ಹಿರಿಯರೊಡನೆ ವಾದ ಬೇಡ, ಆ ದಾಳ ಉರುಳಿಸುವ ಆಟವನ್ನು ಬಿಟ್ಟು ಓದಿನ ಕಡೆ ಗಮನ ಕೊಡು ಎಂದು ಎಲ್ಲರ ಎದುರಿಗೇ ಬರೆದುಬಿಟ್ಟೆ. ಅವನು ಮರುಮಾತಾಡಲಿಲ್ಲ. ಒಂದು ವಾರದ ಬಳಿಕ ನನಗೊಬ್ಬನಿಗೇ ಒಂದು ಕೊಂಡಿಯನ್ನು ಕಳುಹಿಸಿ, "ಸಿಟ್ಟು ಮಾಡ್ಕೋಬೇಡಿ ಚಿಕ್ಕಜ್ಜ, ಸಂಜೆ ವಾಕಿಂಗ್ ಹೋಗುವಾಗ ಇದನ್ನು ಕೇಳಿ" ಎಂದಿದ್ದ.

ಅದು 'ಕೆನ್ ಅಂಡ್ ರಾಬಿನ್ ಟಾಕ್ ಅಬೌಟ್ ಸ್ಟಫ್' ಎಂಬ ಪಾಡ್‌ಕಾಸ್ಟ್. 'ಕೆನ್ ಮತ್ತು ರಾಬಿನ್ ಅದೂ ಇದೂ ಮಾತಾಡುತ್ತಾರೆ' ಎಂದರೆ ಹೆಸರಿನ ಧಾಟಿ ಸರಿಯಾಗಿ ಬಂದೀತು. ಶಿಕಾಗೋದ ಕೆನೆತ್ ಹೈಟ್ ಮತ್ತು ಟೊರಾಂಟೋದ ರಾಬಿನ್ ಡಿ. ಲಾಸ್ ಎಂಬಿಬ್ಬರು 2012ರಿಂದ ವಾರಕ್ಕೊಮ್ಮೆ ನಡೆಸಿಕೊಂಡು ಬಂದಿರುವ ಹರಟೆ ಇದು. ಕಂತುಗಳ ಸಂಖ್ಯೆ ಐದುನೂರನ್ನು ದಾಟಿದೆ. ಇಬ್ಬರೂ ವೃತ್ತಿಯಿಂದ ಆಟಗಳನ್ನು ರಚಿಸುವವರು. ಆಟ ರಚಿಸುವುದೂ ಒಂದು ವೃತ್ತಿಯೇ ಎಂದು ನಿಮ್ಮಲ್ಲಿ ಕೆಲವರು ಹುಬ್ಬೇರಿಸುವುದು ನನಗೆ ಕಾಣುತ್ತಿದೆ. ನಾನೂ ಏರಿಸಿದ್ದೆ.

ಅದು ಎಂಥ ಆಟ? ನಮ್ಮ ಕಡೆಯವರಿಗೆ ವಿವರಿಸಲು ತಾಳಮದ್ದಳೆಗಿಂತ ಹತ್ತಿರದ ಉದಾಹರಣೆ ನನಗೆ ತೋಚುವುದಿಲ್ಲ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ, ನಾಲ್ಕಾರು ಜನ ಕುಳಿತು, ಒಬ್ಬನು ಕರ್ಣನಾಗಿ ಇನ್ನೊಬ್ಬನು ಕೃಷ್ಣನಾಗಿ, ಬಾಯಿಪಾಠವಿಲ್ಲದೆ ಆ ಕ್ಷಣದಲ್ಲಿ ಹೊಳೆದ ಮಾತಿನಿಂದಲೇ ಪಾತ್ರವನ್ನು ಕಟ್ಟುತ್ತಾರೆ. ಈ ಮೇಜಿನಾಟದಲ್ಲಿಯೂ ಹಾಗೆಯೇ. ಭಾಗವತರ ಸ್ಥಾನದಲ್ಲಿ ಆಟ ನಡೆಸುವವನೊಬ್ಬನಿರುತ್ತಾನೆ, ಅವನು ಸನ್ನಿವೇಶವನ್ನು ಒಡ್ಡುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರವಾಗಿ ಪ್ರತಿಕ್ರಿಯಿಸುತ್ತಾರೆ. ವ್ಯತ್ಯಾಸವೆಂದರೆ ಕರ್ಣಪರ್ವದಲ್ಲಿ ಕರ್ಣ ಸಾಯಲೇಬೇಕು. ಇಲ್ಲಿ ಅಂತ್ಯ ಯಾರಿಗೂ ತಿಳಿದಿಲ್ಲ, ಅನುಮಾನ ಬಂದಲ್ಲಿ ದಾಳವು ತೀರ್ಮಾನಿಸುತ್ತದೆ. ಇಂಥ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ರಚಿಸಿದ ಅದು 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಹೊರಬಂತು. ಅದರ ವಂಶಾವಳಿಯನ್ನು ಹಿಂದಕ್ಕೆ ಹಿಡಿದು ಹೋದರೆ 1824ರ ಪ್ರಷ್ಯಾದ ಸೈನ್ಯಾಧಿಕಾರಿಗಳ ಯುದ್ಧದಾಟ, ಅದಕ್ಕೂ ಹಿಂದೆ 1780ರಲ್ಲಿ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬಾತ ಚದುರಂಗವನ್ನು ಹಿಗ್ಗಿಸಿ ಮಾಡಿದ ಯುದ್ಧದಾಟ ಸಿಗುತ್ತವೆ. ಚದುರಂಗದ ತವರು ಯಾವುದೆಂದು ನಿಮಗೆ ನಾನೇ ಪಾಠ ಮಾಡಿದ್ದೇನೆ. ಆದರೆ ಇಷ್ಟರಿಂದ 'ಇದೂ ನಮ್ಮದೇ' ಎಂದು ಎದೆ ತಟ್ಟಿಕೊಳ್ಳುವ ಅಭ್ಯಾಸವನ್ನು ಇತ್ತೀಚೆಗೆ ಬಿಟ್ಟಿದ್ದೇನೆ. ಕಾರಣ ಮುಂದೆ ತಿಳಿಯುತ್ತದೆ.

ಪ್ರತಿ ಕಂತು ಸುಮಾರು ಒಂದು ಗಂಟೆಯದು. ಅದನ್ನು ಕೆಲವು ಭಾಗಗಳಾಗಿ ವಿಂಗಡಿಸಿ ಹೆಚ್ಚಿನವಕ್ಕೆ 'ಗುಡಿಸಲು' ಎಂದು ಹೆಸರಿಟ್ಟಿದ್ದಾರೆ: ಆಟದ ಗುಡಿಸಲು, ಸಿನಿಮಾದ ಗುಡಿಸಲು, ಚರಿತ್ರೆಯ ಗುಡಿಸಲು, ಊಟದ ಗುಡಿಸಲು ಹೀಗೆ. ಮೊದಲ ಎರಡು ಮೂರು ಕಂತುಗಳು ನನ್ನ ತಾಳ್ಮೆಯನ್ನು ಪರೀಕ್ಷಿಸಿದವೆಂದು ಒಪ್ಪಿಕೊಳ್ಳುತ್ತೇನೆ. ಮಾತಿನ ವೇಗ ನನ್ನ ಇಂಗ್ಲಿಷಿಗೆ ನಿಲುಕುವಂಥದ್ದಲ್ಲ. ತಮ್ಮ ಹಾಸ್ಯಕ್ಕೆ ತಾವೇ ನಗುತ್ತಾರೆ. ನಡುನಡುವೆ ಜಾಹೀರಾತುಗಳು ಬೇರೆ. ಭೂತ, ಪಿಶಾಚಿ, ಮಾಟಮಂತ್ರಗಳ ಪ್ರಸ್ತಾಪವಂತೂ ನನ್ನ ರುಚಿಗೆ ಅತಿಯಾಯಿತು. ಆದರೂ ನಾನು ಕೇಳುತ್ತ ಹೋದೆ. ಇಬ್ಬರು ಓದಿಕೊಂಡವರು ಒಬ್ಬರನ್ನೊಬ್ಬರು ಸೋಲಿಸುವ ಹಟವಿಲ್ಲದೆ ಮಾತಾಡುವುದನ್ನು ಕೇಳಿ ಎಷ್ಟು ವರ್ಷಗಳಾಗಿದ್ದವೋ! ನಮ್ಮ ಟಿವಿ ಚರ್ಚೆಗಳನ್ನು ನೋಡಿ ನನ್ನ ಕಿವಿ ಕೆಟ್ಟುಹೋಗಿತ್ತು. ಹೈಟ್ ಅವರು ಎಲ್ಲಿಗಾದರೂ ಪ್ರಯಾಣ ಹೋಗಿ ಬಂದರೆ ಅಲ್ಲಿ ಕೊಂಡ ಪುಸ್ತಕಗಳ ಬಗೆಗೆ ಮಾತಾಡಲೆಂದೇ ಒಂದು ಭಾಗವಿದೆ. ಬೆಂಗಳೂರಿಗೆ ಹೋದಾಗಲೆಲ್ಲ ಅವೆನ್ಯೂ ರಸ್ತೆಯಿಂದ ಚೀಲ ಹೊತ್ತು ತಂದು ಮನೆಯಲ್ಲಿ ಬೈಸಿಕೊಳ್ಳುತ್ತಿದ್ದ ನನಗೆ ಆ ಮನುಷ್ಯನ ಮೇಲೆ ಅಲ್ಲಿಯೇ ಪ್ರೀತಿ ಹುಟ್ಟಿತು.

ಸಿನಿಮಾದ ವಿಷಯದಲ್ಲಿ ನಾನು ಹೆಚ್ಚು ಹೇಳಲಾರೆ. ಲಾಸ್ ಅವರು ಟೊರಾಂಟೋ ಚಲನಚಿತ್ರೋತ್ಸವವನ್ನು ವರ್ಷವರ್ಷವೂ ತಪ್ಪದೆ ನೋಡಿ ವರದಿ ಮಾಡುವವರು. 1996ರಲ್ಲಿ ಅವರು ಹಾಂಗ್‌ಕಾಂಗ್‌ನ ಹೊಡೆದಾಟದ ಚಿತ್ರಗಳನ್ನೇ ಆಧರಿಸಿ 'ಫೆಂಗ್ ಶುಯಿ' ಎಂಬ ಆಟವನ್ನು ರಚಿಸಿದರು. 2010ರ ಒಂದು ಪುಸ್ತಕದಲ್ಲಿ 'ಹ್ಯಾಮ್ಲೆಟ್' ನಾಟಕವನ್ನೂ, 'ಕಾಸಾಬ್ಲಾಂಕಾ' ಚಿತ್ರವನ್ನೂ, ಜೇಮ್ಸ್ ಬಾಂಡನ 'ಡಾಕ್ಟರ್ ನೋ' ಚಿತ್ರವನ್ನೂ ಒಂದೇ ಬಗೆಯಲ್ಲಿ ಬಿಡಿಸಿ, ಯಾವ ಘಟ್ಟದಲ್ಲಿ ನಮ್ಮ ಮನಸ್ಸು ಆಶೆಯ ಕಡೆಗೆ ವಾಲುತ್ತದೆ, ಯಾವಲ್ಲಿ ಭಯದ ಕಡೆಗೆ ಎಂದು ಪರಿಶೀಲಿಸಿದ್ದಾರೆ. ಹ್ಯಾಮ್ಲೆಟ್ಟನ್ನೂ ಬಾಂಡನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುವುದೇ? ಟೆಂಟ್ ಸಿನಿಮಾಕ್ಕೆ ಹೋದ ಹುಡುಗರನ್ನು ಮರುದಿನ ಬೆಂಚಿನ ಮೇಲೆ ನಿಲ್ಲಿಸಿದವನು ನಾನು. ಅವರು ನೋಡಿ ಬಂದ ಕಥೆಯನ್ನು ಒಂದು ದಿನವಾದರೂ ಹೇಳಿಸಿ ಕೇಳಿದ್ದರೆ ಪ್ರಬಂಧರಚನೆಯ ಪಾಠ ಸುಲಭವಾಗುತ್ತಿತ್ತೇನೋ ಎಂದು ಈಗ ಅನಿಸುತ್ತಿದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಚರಿತ್ರೆಯೊಂದಿಗೆ ಇವರು ಆಡುವ ಆಟ. ಹೈಟ್ ಅವರು ಗರೆತ್ ರೈಡರ್-ಹ್ಯಾನ್ರಹಾನ್ ಎಂಬವರೊಡನೆ ಸೇರಿ ರಚಿಸಿದ 'ಡ್ರಾಕುಲಾ ಡೋಸಿಯೆ' ಎಂಬ ಕೃತಿಯನ್ನೇ ನೋಡಿ, ಪ್ರಕಟವಾದದ್ದು 2015ರಲ್ಲಿ. ಬ್ರಾಮ್ ಸ್ಟೋಕರನು 1897ರಲ್ಲಿ ಪ್ರಕಟಿಸಿದ 'ಡ್ರಾಕುಲಾ' ವಾಸ್ತವವಾಗಿ ಕಾದಂಬರಿಯಲ್ಲ. 1894ರಲ್ಲಿ ಬ್ರಿಟಿಷ್ ಗುಪ್ತಚರ ಇಲಾಖೆಯು ಒಂದು ರಕ್ತಪಿಶಾಚಿಯನ್ನು ತನ್ನ ಸೇವೆಗೆ ಸೇರಿಸಿಕೊಳ್ಳಲು ಹೋಗಿ ಕೈಸುಟ್ಟುಕೊಂಡಿತು, ಅದರ ವರದಿಯನ್ನು ಕತ್ತರಿಸಿ ತಿದ್ದಿ ಕಾದಂಬರಿಯೆಂದು ಹೊರಬಿಟ್ಟರು ಎಂಬುದು ಅದರ ಮೂಲಕಲ್ಪನೆ. ಕೇಳಿದೊಡನೆ ನಗು ಬರುತ್ತದೆ. ಆದರೆ ಕಲ್ಪನೆಗೆ ನೆಲವಾಗಬಲ್ಲ ಸಂಗತಿಗಳು ಎಷ್ಟಿವೆ ನೋಡಿ. ಸ್ಟೋಕರನು 1890ರಲ್ಲಿ ವಿಟ್ಬಿ ಎಂಬ ಕಡಲತೀರದ ಊರಿನಲ್ಲಿ ತಂಗಿದ್ದು, ಅಲ್ಲಿಯ ಗ್ರಂಥಾಲಯದ ಒಂದು ಪುಸ್ತಕದಲ್ಲಿ 'ಡ್ರಾಕುಲಾ' ಎಂಬ ಹೆಸರನ್ನು ಕಂಡು ಟಿಪ್ಪಣಿ ಮಾಡಿಕೊಂಡದ್ದು ನಿಜ. 1885ರಲ್ಲಿ ಡಿಮಿಟ್ರಿ ಎಂಬ ರಷ್ಯನ್ ಹಡಗು ಅದೇ ವಿಟ್ಬಿಯ ದಡಕ್ಕೆ ಬಂದು ಅಪ್ಪಳಿಸಿದ್ದು ನಿಜ. ಕಾದಂಬರಿಯ ಹಡಗಿನ ಹೆಸರು ಡಿಮೀಟರ್. ಈ ಕಾದಂಬರಿಯನ್ನು ಅನುಮತಿಯಿಲ್ಲದೆ ಆಧರಿಸಿ 1922ರಲ್ಲಿ ಜರ್ಮನಿಯಲ್ಲಿ ತೆಗೆದ 'ನೊಸ್ಫೆರಾಟು' ಚಿತ್ರದ ಮೇಲೆ ಸ್ಟೋಕರನ ವಿಧವೆ ಫ್ಲಾರೆನ್ಸ್ ದಾವೆ ಹೂಡಿ, ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂಬ ಆಜ್ಞೆಯನ್ನು 1925ರಲ್ಲಿ ಪಡೆದದ್ದೂ, ಆದರೂ ಕೆಲವು ಪ್ರತಿಗಳು ಹೇಗೋ ಉಳಿದುಕೊಂಡದ್ದೂ ನಿಜವೇ. ಇಷ್ಟೊಂದು ನಿಜಗಳ ನಡುವೆ ಒಂದು ಸುಳ್ಳನ್ನು ನಿಲ್ಲಿಸಿದರೆ ಅದಕ್ಕೆ ಎಂಥ ಕಳೆ ಬರುತ್ತದೆ!

ಇದೇ ಕೌಶಲ ಇನ್ನೊಂದು ಕೈಯಲ್ಲಿ ಏನು ಮಾಡಬಲ್ಲದೆಂಬುದನ್ನು ಚರಿತ್ರೆಯ ಮೇಷ್ಟರಾದವರು ಮರೆಯಬಾರದು. ಯಹೂದಿಗಳು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆಂದು ಸಾರುವ 'ಝಯಾನಿನ ಹಿರಿಯರ ನಡಾವಳಿ'ಯೆಂಬ ದಸ್ತಾವೇಜು 1903ರಲ್ಲಿ ರಷ್ಯಾದಲ್ಲಿ ಅಚ್ಚಾಯಿತು. ಲಂಡನ್ನಿನ 'ಟೈಮ್ಸ್' ಪತ್ರಿಕೆಯ ಫಿಲಿಪ್ ಗ್ರೇವ್ಸ್ 1921ರಲ್ಲಿ ಅದರ ಹಲವು ಭಾಗಗಳು 1864ರಲ್ಲಿ ಮಾರಿಸ್ ಜೋಲಿ ಎಂಬ ಫ್ರೆಂಚ್ ಲೇಖಕನು ಮೂರನೆಯ ನೆಪೋಲಿಯನ್ನನನ್ನು ಅಣಕಿಸಿ ಬರೆದ ಪುಸ್ತಕದಿಂದ ಕದ್ದವೆಂದು ಸಾಲುಸಾಲಾಗಿ ಎದುರಿಟ್ಟು ತೋರಿಸಿದರು. ಅಲ್ಲಿಗೆ ಮುಗಿಯಬೇಕಿತ್ತಲ್ಲವೇ? ಮುಗಿಯಲಿಲ್ಲ. ನಾಜಿಗಳು ಅದನ್ನು ಮತ್ತೆ ಮತ್ತೆ ಅಚ್ಚುಹಾಕಿದರು. ಪಿಶಾಚಿಯ ಆಟದ ಹೊದಿಕೆಯ ಮೇಲೆ 'ಇದು ಆಟ' ಎಂಬುದು ಸ್ಪಷ್ಟವಾಗಿದೆ. ಈ ಇನ್ನೊಂದರ ಮೇಲೆ ಹಾಗೆ ಬರೆದಿರಲಿಲ್ಲ. ಹಾರುವ ತಟ್ಟೆ, ಮುಳುಗಿದ ಖಂಡ, ರಹಸ್ಯಸಂಘಗಳ ಬಗೆಗೆ ಮಾತಾಡುವಾಗ ಈ ಇಬ್ಬರೂ ಎಲ್ಲಿಯವರೆಗೆ ದಾಖಲೆ, ಎಲ್ಲಿಂದ ಮುಂದೆ ಯಾರೋ ಹೆಣೆದ ಕಥೆ, ಎಲ್ಲಿಂದ ಮುಂದೆ ತಾವೇ ಆಟಕ್ಕಾಗಿ ಹೊಸೆಯುತ್ತಿರುವುದು ಎಂಬ ಹೊಲಿಗೆಯನ್ನು ಮುಚ್ಚಿಡುವುದಿಲ್ಲ. ಅವರ ಹರಟೆಯಲ್ಲಿ ನಾನು ಅತ್ಯಂತ ಮೆಚ್ಚಿದ ಗುಣ ಇದು.

ಈಗ ನನ್ನ ಮೆಕಾಲೆಯ ವಿಷಯಕ್ಕೆ ಬರುತ್ತೇನೆ. ಲಾಸ್ ಅವರು 'ಗಮ್‌ಶೂ' ಎಂಬ ಒಂದು ಆಟದ ಪದ್ಧತಿಯನ್ನು ರೂಪಿಸಿದ್ದಾರೆ. ಪತ್ತೇದಾರಿ ಕಥೆಗಳ ಆಟ ಅದು. ಹಿಂದಿನ ಆಟಗಳಲ್ಲಿ ಸುಳಿವು ಸಿಗುವುದೋ ಇಲ್ಲವೋ ಎಂಬುದನ್ನೂ ದಾಳವೇ ನಿರ್ಧರಿಸುತ್ತಿತ್ತಂತೆ. ದಾಳ ಕೈಕೊಟ್ಟರೆ ಕಥೆ ಅಲ್ಲಿಯೇ ನಿಂತುಬಿಡುತ್ತಿತ್ತು. ಲಾಸ್ ಅವರು ಅದನ್ನು ತಲೆಕೆಳಗು ಮಾಡಿದರು. ತಕ್ಕ ವಿದ್ಯೆಯುಳ್ಳ ಪಾತ್ರವು ತಕ್ಕ ಜಾಗದಲ್ಲಿ ಹುಡುಕಿದರೆ ಮುಖ್ಯ ಸುಳಿವು ಸಿಕ್ಕೇ ಸಿಗಬೇಕು, ಅದಕ್ಕೆ ದಾಳ ಬೇಡ. ಸಿಕ್ಕ ಸುಳಿವುಗಳನ್ನು ಒಂದಕ್ಕೊಂದು ಜೋಡಿಸಿ ಅರ್ಥಮಾಡಿಕೊಳ್ಳುವುದರಲ್ಲಿಯೇ ಆಟದ ಸ್ವಾರಸ್ಯವಿದೆ ಎಂಬುದು ಅವರ ನಿಲುವು.

ಇದನ್ನು ಕೇಳಿದ ಸಂಜೆ ನಾನು ಕೆರೆಯ ಏರಿಯ ಮೇಲೆ ಕುಳಿತುಬಿಟ್ಟೆ. 1835ರ ಫೆಬ್ರುವರಿ 2! ಬಿ.ಎಡ್. ಓದುವಾಗ ಭಾರತೀಯ ಶಿಕ್ಷಣದ ಇತಿಹಾಸದಲ್ಲಿ ನಾನು ಉರುಹೊಡೆದ ತಾರೀಖು ಅದು. ಮೆಕಾಲೆ ತನ್ನ ಕುಖ್ಯಾತ ಶಿಕ್ಷಣ ಟಿಪ್ಪಣಿಗೆ ಹಾಕಿದ ತಾರೀಖು. ಟಿಪ್ಪಣಿಯನ್ನು ಅವನು ಬರೆದದ್ದು ಕಲ್ಕತ್ತದಲ್ಲಿ, ಗವರ್ನರ್ ಜನರಲ್ ಬೆಂಟಿಂಕನ ಸಭೆಯ ಸದಸ್ಯನಾಗಿ. 1834ರ ಜೂನ್ ತಿಂಗಳಲ್ಲಿ ಮದರಾಸಿನಲ್ಲಿ ಹಡಗಿನಿಂದ ಇಳಿದು, ಊಟಿಯಲ್ಲಿದ್ದ ಬೆಂಟಿಂಕನನ್ನು ಕಾಣಲು ನಮ್ಮ ಮೈಸೂರು ಸೀಮೆಯ ಮೂಲಕ, ಶ್ರೀರಂಗಪಟ್ಟಣವನ್ನು ನೋಡಿಕೊಂಡೇ ಹೋದವನು ಅವನು. ಬಳಿಕ ಕಲ್ಕತ್ತಕ್ಕೆ ತೆರಳಿದ. ಹಡಗು ಇಂಗ್ಲೆಂಡ್ ತಲುಪಲು ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕಾಲ. ಕಲ್ಕತ್ತದಲ್ಲಿದ್ದವನು ಅದೇ ದಿನ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಭಾಷಣ ಮಾಡುವುದೆಂತು? ಆ ಭಾಷಣ ಯಾರೋ ಹೊಸೆದದ್ದು. ಅದನ್ನು ಕಂಡುಹಿಡಿಯಲು ಬೇಕಾದ ಎರಡೂ ಸಂಗತಿಗಳು ನಲವತ್ತು ವರ್ಷಗಳಿಂದ ನನ್ನ ತಲೆಯಲ್ಲಿದ್ದವು. ಜೋಡಿಸಲಿಲ್ಲ. ಇಪ್ಪತ್ತರ ಹುಡುಗ, ಈ ದೇಶದ ಚರಿತ್ರೆಯನ್ನು ನನ್ನ ಹತ್ತರಲ್ಲೊಂದು ಪಾಲು ಓದದವನು, ಜೋಡಿಸಿದ. ಏಕೆಂದರೆ ಅವನು ವಾರಕ್ಕೊಮ್ಮೆ ಗೆಳೆಯರೊಡನೆ ಕುಳಿತು ಅದನ್ನೇ ಅಭ್ಯಾಸ ಮಾಡುತ್ತಾನೆ.

ನನ್ನ ಸಹೋದ್ಯೋಗಿಯಾಗಿದ್ದ ಹಿರಿಯರೊಬ್ಬರಿಗೆ ಇದನ್ನು ಹೇಳಿದಾಗ ಅವರು ಒಪ್ಪಲಿಲ್ಲ. "ಮೊದಲು ಸಂಗತಿಗಳನ್ನು ಕಲಿಯಲಿ ಮಾರಾಯ್ರೆ, ಆಮೇಲೆ ಆಟ. ಇಲ್ಲದಿದ್ದರೆ ನಿಜ ಯಾವುದು ಕಟ್ಟುಕಥೆ ಯಾವುದು ಎಂದು ಮಕ್ಕಳಿಗೆ ತಿಳಿಯುವುದಾದರೂ ಹೇಗೆ?" ಎಂದರು. ಅಮೆರಿಕದಲ್ಲಿಯೂ ಒಂದು ಕಾಲಕ್ಕೆ ಇದಕ್ಕಿಂತ ದೊಡ್ಡ ಗುಲ್ಲೆದ್ದಿತ್ತು. ಈ ಆಟಗಳಿಂದ ಮಕ್ಕಳಿಗೆ ಬುದ್ಧಿಭ್ರಮಣೆಯಾಗುತ್ತದೆಂಬ ಕಥೆಯ 'ಮೇಜಸ್ ಅಂಡ್ ಮಾನ್‌ಸ್ಟರ್ಸ್' ಎಂಬ ಟಿವಿ ಚಿತ್ರವೇ 1982ರಲ್ಲಿ ಬಂತು, ನಾಯಕನಾಗಿ ನಟಿಸಿದವರು ಆಗಿನ್ನೂ ಹೆಸರು ಮಾಡಿರದ ಟಾಮ್ ಹ್ಯಾಂಕ್ಸ್. ನನ್ನ ಮಿತ್ರರ ಆಕ್ಷೇಪ ಅಂಥ ಗುಲ್ಲಲ್ಲ, ಅದರಲ್ಲಿ ಹುರುಳಿದೆ. ತಾರೀಖು ಗೊತ್ತಿಲ್ಲದವನಿಗೆ ತಾರೀಖು ಸುಳಿವಾಗುವುದಿಲ್ಲ. ಆದ್ದರಿಂದ ಉರುಹೊಡೆಸಿದ್ದಕ್ಕಾಗಿ ನಾನು ನಿಮ್ಮ ಕ್ಷಮೆ ಕೇಳುವವನಲ್ಲ! ಉರುಹೊಡೆಸಿ ಅಲ್ಲಿಯೇ ನಿಲ್ಲಿಸಿದ್ದಕ್ಕೆ ಮಾತ್ರ ನನ್ನ ಆಕ್ಷೇಪ ನನ್ನ ಮೇಲೆಯೇ ಇದೆ. ಇನ್ನು, ಮಕ್ಕಳಿಗೆ ನಿಜಸುಳ್ಳುಗಳ ಭೇದ ತಿಳಿಯದು ಎಂಬ ಮಾತು. ನಮ್ಮ ಕುಟುಂಬದ ಗುಂಪಿನಲ್ಲಿ ಅದು ತಿಳಿಯದೆ ಹೋದದ್ದು ಯಾರಿಗೆ? ಐವತ್ತು ದಾಟಿದ ನಮಗೆ.

ಮರುದಿನ ಗುಂಪಿನಲ್ಲಿ ಬರೆದೆ: ನಾನು ಕಳುಹಿಸಿದ ಭಾಷಣ ಸುಳ್ಳು, ತಪ್ಪು ನನ್ನದು, ಹುಡುಗನ ಪ್ರಶ್ನೆ ಸರಿಯಾಗಿತ್ತು. ಹೆಬ್ಬೆರಳುಗಳು ಕೆಲವು ಬಂದವು. ಒಬ್ಬ ಬಂಧುಗಳು, ಅವರೂ ಇದನ್ನು ಓದುತ್ತಾರೆಂದು ಬಲ್ಲೆ, "ಮೆಕಾಲೆ ಹಾಗೆ ಹೇಳದಿದ್ದರೂ ಮಾಡಿದ್ದು ಅದನ್ನೇ ತಾನೇ?" ಎಂದು ಬರೆದರು. ಅವರಿಗೆ ಅಲ್ಲಿ ಉತ್ತರಿಸಲಿಲ್ಲ, ಇಲ್ಲಿ ಉತ್ತರಿಸುತ್ತೇನೆ. ಭಾವಯ್ಯ, ಅವನು ನಿಜವಾಗಿ ಬರೆದ ಟಿಪ್ಪಣಿಯನ್ನು ಓದಿ. ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದೇ ಒಂದು ಕಪಾಟಿನ ಮುಂದೆ ಭಾರತ ಮತ್ತು ಅರೇಬಿಯಾಗಳ ಸಾಹಿತ್ಯವೆಲ್ಲ ಸೇರಿದರೂ ಸಮವಲ್ಲವೆಂಬ ಅರ್ಥದ ಮಾತು ಅದರಲ್ಲಿದೆ. ಸಂಸ್ಕೃತವೂ ಅರಬ್ಬಿಯೂ ತನಗೆ ಬಾರದೆಂದು ಒಪ್ಪಿಕೊಂಡೇ ಹಾಗೆ ಬರೆದ ಮನುಷ್ಯ ಅವನು. ಕೋಪಗೊಳ್ಳಲು ಅದು ಸಾಲದೇ? ಹೊಸೆದ ಭಾಷಣದಲ್ಲಿ ಅವನು ನಮ್ಮನ್ನು ಹೊಗಳುತ್ತಾನೆ. ಹೊಗಳಿಕೆ ಹಿತವಾಗಿತ್ತು, ಆದ್ದರಿಂದ ನಾವು ತಾರೀಖನ್ನು ನೋಡಲಿಲ್ಲ. ನನ್ನ ಮಟ್ಟಿಗಂತೂ ನಡೆದದ್ದು ಇಷ್ಟೇ.

ಆ ಹರಟೆಯಲ್ಲಿ ಇನ್ನೊಂದು ಭಾಗವಿದೆ, ಕೆನ್ ಅವರ ಕಾಲಯಂತ್ರ. ಹೈಟ್ ಅವರು ಗತಕಾಲಕ್ಕೆ ಹೋಗಿ ಯಾವುದೋ ಒಂದು ಘಟನೆಯನ್ನು ತಿದ್ದಿ ಬಂದವರಂತೆ ಮಾತಾಡಬೇಕು. ಏಕೆ ತಿದ್ದಿದಿರಿ, ಹೇಗೆ ತಿದ್ದಿದಿರಿ, ಪರಿಣಾಮವೇನಾಯಿತು ಎಂದು ಲಾಸ್ ಅವರು ಪ್ರಶ್ನಿಸುತ್ತಾರೆ. ಮೊದಲಿಗೆ ಬಾಲಿಶವೆಂದು ತೋರಿತು. ಕೇಳುತ್ತ ಹೋದಂತೆ ಹೊಳೆದದ್ದೆಂದರೆ, ಒಂದು ಕೊಂಡಿಯನ್ನು ತೆಗೆಯಬೇಕಾದರೆ ಸರಪಳಿಯೆಲ್ಲ ಗೊತ್ತಿರಬೇಕು. ಯುದ್ಧದ ಕಾರಣಗಳನ್ನು ಒಂದು, ಎರಡು, ಮೂರು ಎಂದು ಪಟ್ಟಿಮಾಡಿ ಬರೆದು ಆರು ಅಂಕ ಪಡೆಯುವ ಹುಡುಗನಿಗೆ ಆ ಕಾರಣಗಳಲ್ಲಿ ಯಾವುದು ಇಲ್ಲದಿದ್ದರೂ ಯುದ್ಧ ನಡೆಯುತ್ತಿತ್ತು, ಯಾವುದು ಇಲ್ಲದಿದ್ದರೆ ನಡೆಯುತ್ತಿರಲಿಲ್ಲ ಎಂಬುದು ಗೊತ್ತಿರಬೇಕಾಗಿಲ್ಲ. ಕಾಲಯಂತ್ರ ಹತ್ತಿದವನಿಗೆ ಗೊತ್ತಿರಲೇಬೇಕು.

ನನ್ನ ವಿದ್ಯಾರ್ಥಿಗಳಿಗೆ ಹೇಳಬೇಕಾದದ್ದು ಇದಕ್ಕೆ ಸಂಬಂಧಿಸಿದ್ದು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ತಾಳೀಕೋಟೆಯ ಯುದ್ಧವನ್ನು ಪಾಠ ಮಾಡುತ್ತಿದ್ದಾಗ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು, "ಸಾರ್, ರಾಮರಾಯ ಆ ದಿನ ಸೆರೆ ಸಿಕ್ಕದೆ ತಪ್ಪಿಸಿಕೊಂಡಿದ್ದರೆ ಏನಾಗುತ್ತಿತ್ತು?" ಎಂದು ಕೇಳಿದ. ತರಗತಿ ನಕ್ಕಿತು. "ಅದು ಪರೀಕ್ಷೆಯಲ್ಲಿ ಬರುವುದಿಲ್ಲ, ಕುಳಿತುಕೋ" ಎಂದೆ. ಕುಳಿತ. ಆ ವರ್ಷ ಮತ್ತೇನನ್ನೂ ಕೇಳಲಿಲ್ಲ.

ಅವನ ಹೆಸರು ನನಗೆ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಅವನು ಇದನ್ನು ಓದುತ್ತಿದ್ದರೆ ತಿಳಿಯಲಿ, ಉತ್ತರವನ್ನು ಬರೆಯತೊಡಗಿದ್ದೇನೆ. 1565ರ ಜನವರಿ 23ರಂದು ಸೆರೆಸಿಕ್ಕಿ ಶಿರಚ್ಛೇದವಾದ ವೃದ್ಧ ರಾಮರಾಯನನ್ನು ರಣರಂಗದಿಂದ ಪಾರುಮಾಡಿ ಹಂಪೆಗೆ ತಂದದ್ದಾಯಿತು, ಅದು ಸುಲಭ. ವರ್ಷಗಟ್ಟಲೆ ಒಬ್ಬ ಸುಲ್ತಾನನನ್ನು ಇನ್ನೊಬ್ಬನ ಮೇಲೆ ಎತ್ತಿಕಟ್ಟುತ್ತ ಬಂದ ಆತನ ರಾಜನೀತಿಯೇ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳನ್ನು ಒಂದುಗೂಡಿಸಿತಷ್ಟೇ. ಆತ ಬದುಕಿದ್ದರೆ ಆ ಒಕ್ಕೂಟ ಒಡೆಯುತ್ತಿತ್ತೋ ಇನ್ನಷ್ಟು ಬಿಗಿಯಾಗುತ್ತಿತ್ತೋ ಎಂಬಲ್ಲಿಗೆ ಎರಡು ಪುಟ ಆದವು. ಮೂರನೆಯ ಪುಟದಲ್ಲಿ ತಮ್ಮ ತಿರುಮಲ ಭಂಡಾರವನ್ನು ಆನೆಗಳ ಮೇಲೆ ಹೇರಿಸಿಕೊಂಡು ಪೆನುಗೊಂಡೆಯ ದಾರಿ ಹಿಡಿದು ನಿಂತಿದ್ದಾನೆ. ಅಣ್ಣ ಜೀವಂತವಾಗಿ ಎದುರು ಬಂದರೆ ಅವನು ಹೊರಡುತ್ತಾನೆಯೇ, ಉಳಿಯುತ್ತಾನೆಯೇ? ಮೂರು ದಿನದಿಂದ ಅಲ್ಲಿಂದ ಮುಂದಕ್ಕೆ ಹೋಗಲಾಗಿಲ್ಲ. ಅಣ್ಣನ ಮೊಮ್ಮಗನನ್ನು ಕೇಳಿದೆ, "ದಾಳ ಹಾಕಿ ನೋಡಿ ಚಿಕ್ಕಜ್ಜ" ಎಂದು ನಗುತ್ತಾನೆ.